ಒಳ್ಳೆಯ ಕ್ವಾಸ್‌ನ ರುಚಿ ನಿಜಕ್ಕೂ ಹೇಗಿರಬೇಕು?

ಪ್ರಶ್ನೆ: ಎಂಬಿಬಿಎಸ್ ಓದಲು ರಷ್ಯಾದ ಕಜಾನ್‌ಗೆ ಬಂದಿದ್ದೇನೆ. ರೈ (ಗೋಧಿಯಂಥ ಒಂದು ಧಾನ್ಯ) ಬ್ರೆಡ್ ಹುದುಗಿಸಿ ಮಾಡುವ ಕ್ವಾಸ್ ಎಂಬ ಪಾನೀಯ ಇಲ್ಲಿ ಸಿಗುತ್ತದೆ. ಅಂಗಡಿಯಿಂದ ತಂದ ಕ್ವಾಸ್ ಬರೀ ಸಿಹಿ ಸೋಡಾ ಥರ ಇತ್ತು, ರಸ್ತೆ ಬದಿಯ ಪೀಪಾಯಿಯದು ವಿಪರೀತ ಹುಳಿ. ಇದರಲ್ಲಿ ಅಸಲಿ ಯಾವುದು? ಆಲ್ಕೋಹಾಲ್ ಇರುತ್ತಾ? ಹಾಸ್ಟೆಲ್‌ನಲ್ಲೇ ಮಾಡಿಕೊಳ್ಳಬಹುದಾ?

ಉತ್ತರ:

ಅಂಗಡಿಯಿಂದ ತಂದದ್ದು ಬಹುಶಃ ಕ್ವಾಸೇ ಅಲ್ಲ. ರಷ್ಯಾದ ಅಂಗಡಿಗಳಲ್ಲಿ ಅಕ್ಕಪಕ್ಕದಲ್ಲೇ, ನೋಡಲು ಒಂದೇ ಥರದ ಬಾಟಲಿಗಳಲ್ಲಿ, ಎರಡು ಬೇರೆ ಬೇರೆ ಸರಕು ಇಟ್ಟಿರುತ್ತಾರೆ. ಒಂದು ಹುದುಗಿಸಿದ ಕ್ವಾಸ್. ಇನ್ನೊಂದರ ಮೇಲೆ ಸಣ್ಣಕ್ಷರದಲ್ಲಿ ‘ಕ್ವಾಸ್ನೊಯ್ ನಪೀತೊಕ್’ ಎಂದಿರುತ್ತದೆ. ಅಂದರೆ ಕ್ವಾಸ್ ಥರದ ಪಾನೀಯ: ನೀರು, ಸಕ್ಕರೆ, ಒಂದಿಷ್ಟು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಸಾರ, ಹುಳಿಗೆ ಸಿಟ್ರಿಕ್ ಆಸಿಡ್ (ಇ330), ಬಣ್ಣಕ್ಕೆ ಕ್ಯಾರಮೆಲ್ (ಇ150), ಮೇಲೆ ಗ್ಯಾಸ್. ಬಾಟಲಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ‘ದ್ರೋಝ್ಝಿ’ (ಯೀಸ್ಟ್), ‘ಸೋಲೊದ್’ (ಮಾಲ್ಟ್), ‘ರ್ಝಾನೊಯ್’ (ರೈ) ಈ ಮೂರೂ ಕಂಡರೆ ತೆಗೆದುಕೊಳ್ಳಿ. ಎಲ್ಲಾದರೂ ‘ಬ್ರಝೇನಿಯಾ’ ಎಂದಿದ್ದರೆ ಹುದುಗಿಸಿದ್ದು ಎಂದೇ ಅರ್ಥ.

ಆಲ್ಕೋಹಾಲ್ ಇರುತ್ತದೆ, ಆದರೆ ತೀರಾ ಕಡಿಮೆ. ರಷ್ಯಾದಲ್ಲಿ ಅನ್ವಯಿಸುವ ಗೋಸ್ಟ್ 31494-2012 ಎಂಬ ಗುಣಮಟ್ಟದ ಮಾನದಂಡದ ಪ್ರಕಾರ ಕ್ವಾಸ್‌ನಲ್ಲಿ ಅದು 1.2% ಮೀರಬಾರದು. ಅಲ್ಲಿ ಮಕ್ಕಳೂ ಕುಡಿಯುತ್ತಾರೆ. ನೀವು ಆಲ್ಕೋಹಾಲ್ ಸ್ವಲ್ಪವೂ ಬೇಡ ಎನ್ನುವವರಾದರೆ ಇದು ನಿಮಗಲ್ಲ, ‘ಇದೇನು ಜ್ಯೂಸ್’ ಎಂದು ಯಾರಾದರೂ ಹೇಳಿದರೂ ನಂಬಬೇಡಿ. ಮನೆಯಲ್ಲಿ ಮಾಡಿದ್ದರ ಲೆಕ್ಕ ಇನ್ನೂ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ರುಚಿ. ಫ್ರಿಜ್‌ನಿಂದ ತೆಗೆದು ಐದು ನಿಮಿಷ ಬಿಡಿ. 6ರಿಂದ 10 ಡಿಗ್ರಿ ಹದವಾದ ತಂಪು. ಅದಕ್ಕಿಂತ ತಣ್ಣಗಿದ್ದರೆ ಬ್ರೆಡ್ಡಿನ ಪರಿಮಳ ಮೇಲೇಳುವುದಿಲ್ಲ, ಹುಳಿ ಮಾತ್ರ ನಾಲಿಗೆಗೆ ಸಿಗುತ್ತದೆ. ಬಾಟಲಿ ಕುಲುಕಬೇಡಿ. ಗಾಜಿನ ಲೋಟಕ್ಕೆ ಅರ್ಧ ಸುರಿದು ಮೊದಲು ಮೂಸಿ ನೋಡಿ. ರೈ ಬ್ರೆಡ್ಡಿನ ಕೆಂಪಗೆ ಬೆಂದ ಅಂಚಿನ ವಾಸನೆ ಮುಂದೆ ಬರಬೇಕು, ಅದರ ಹಿಂದೆ ಸಣ್ಣಗೆ ಹುಳಿ. ನೊರೆ ಬಿಯರ್‌ನದರಂತೆ ನಿಲ್ಲುವುದಿಲ್ಲ, ಬೇಗ ಇಳಿಯುತ್ತದೆ, ಅದು ದೋಷವಲ್ಲ. ತುಸು ಮಬ್ಬಾಗಿದ್ದರೂ ತಪ್ಪಿಲ್ಲ, ಸೋಸದ ಕ್ವಾಸ್ ಇರುವುದೇ ಹಾಗೆ.

ಒಂದು ಗುಟುಕು ಬಾಯಲ್ಲಿ ಎರಡು ಸೆಕೆಂಡ್ ಹಿಡಿದು ನುಂಗಿ. ಮೊದಲು ಸಿಹಿ, ಕೂಡಲೇ ಹುಳಿ, ನುಂಗಿದ ಮೇಲೆ ಬ್ರೆಡ್ ಮತ್ತು ಚೂರೇ ಚೂರು ಕಹಿ. ಈ ಕ್ರಮದಲ್ಲಿ ಬಂದರೆ ಒಳ್ಳೆಯ ಕ್ವಾಸ್. ಸಿಹಿ ಕೊನೆಯವರೆಗೂ ತುಟಿಗೆ ಅಂಟಿಕೊಂಡಿದ್ದರೆ ಸರಿಯಾಗಿ ಹುದುಗಿಲ್ಲ, ಇಲ್ಲವೇ ಆಮೇಲೆ ಸಕ್ಕರೆ ಸುರಿದಿದ್ದಾರೆ. ಹುಳಿಯಲ್ಲೂ ಎರಡು ಬಗೆ. ನಮ್ಮ ಇಡ್ಲಿ ಹಿಟ್ಟಿನಲ್ಲಿರುವಂಥ ದುಂಡನೆಯ ಹುಳಿ ಲ್ಯಾಕ್ಟಿಕ್ ಆಸಿಡ್‌ನದು, ಕ್ವಾಸ್‌ಗೆ ಬೇಕಾದದ್ದು ಅದೇ. ಮೂಗಿಗೆ ಚುರ್ ಎನ್ನುವುದು ವಿನೆಗರ್. ಗಾಳಿ ತಾಗಿ, ಬಿಸಿಲಲ್ಲಿ ಹೆಚ್ಚು ಹೊತ್ತು ನಿಂತರೆ ಬರುತ್ತದೆ. ನಿಮ್ಮ ಪೀಪಾಯಿಯ ಕ್ವಾಸ್ ಯಾವ ಬಗೆಯ ಹುಳಿ ಎಂದು ನೆನಪಿಸಿಕೊಳ್ಳಿ. ಮೊದಲನೆಯದಾದರೆ ಅದೇ ಅಸಲಿ, ನಿಮ್ಮ ನಾಲಿಗೆ ಒಗ್ಗಬೇಕು ಅಷ್ಟೆ. ಎರಡನೆಯದಾದರೆ ಬೇರೆ ಕಡೆ ಕುಡಿಯಿರಿ. ಪೀಪಾಯಿಯ ಬಳಿ ನಾನು ನೋಡುವುದು ಒಂದನ್ನೇ: ನಲ್ಲಿಯ ಬಾಯಿ. ಅಲ್ಲಿ ಕಪ್ಪಗೆ ಅಂಟಿದ್ದರೆ, ನೊಣ ಕೂತಿದ್ದರೆ ರುಚಿ ನೋಡುವ ಅಗತ್ಯವೇ ಇಲ್ಲ.

ಎಳೆ ಎಳೆಯಾಗಿ, ಲೋಳೆಯಂತೆ ಸುರಿಯುವ ಕ್ವಾಸ್ ಕಂಡರೆ ಚೆಲ್ಲಿಬಿಡಿ. ತಮಾಷೆಯೆಂದರೆ ಇದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಒಂದಾದ ಲ್ಯೂಕೋನೋಸ್ಟಾಕ್ ಮೆಸೆಂಟರಾಯ್ಡಿಸ್ ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವುದೂ ಹೌದು. ಅಲ್ಲಿ ಬೇಕಾದವನು, ಇಲ್ಲಿ ಬೇಡದವನು.

ಹಾಸ್ಟೆಲ್‌ನಲ್ಲಿ ಖಂಡಿತ ಮಾಡಬಹುದು. 400 ಗ್ರಾಂ ರೈ ಬ್ರೆಡ್ ತನ್ನಿ. ಬರದೀನ್‌ಸ್ಕಿ ಬ್ರೆಡ್ಡಿನಲ್ಲಿ ಕೊತ್ತಂಬರಿ ಬೀಜ ಇರುತ್ತದೆ, ಕ್ವಾಸ್‌ಗೂ ಆ ಘಮ ಇಳಿಯುತ್ತದೆ. ಬೇಡವಾದರೆ ದಾರ್ನಿತ್‌ಸ್ಕಿ ತೆಗೆದುಕೊಳ್ಳಿ, ಅದರಲ್ಲಿ 60 ಪಾಲು ರೈ, 40 ಪಾಲು ಗೋಧಿ. ಬೆರಳುದ್ದ ಹೆಚ್ಚಿ ಒವನ್‌ನಲ್ಲಿ 180 ಡಿಗ್ರಿಗೆ ಇಪ್ಪತ್ತು ನಿಮಿಷ, ಅಥವಾ ಎಣ್ಣೆ ಹಾಕದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಗಾಢ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಬಣ್ಣವೂ ಪರಿಮಳವೂ ಹುಟ್ಟುವುದು ಇಲ್ಲೇ, ಕೆಡುವುದೂ ಇಲ್ಲೇ. ಒಂದು ತುಂಡಿನ ಅಂಚು ಸೀದಿದ್ದರೂ ಮುರಿದು ಎಸೆಯಿರಿ, ಆ ಕಹಿ ಯಾವ ಸಕ್ಕರೆಗೂ ಮುಚ್ಚಿಹೋಗುವುದಿಲ್ಲ.

4 ಲೀಟರ್ ನೀರು ಕುದಿಸಿ, ಐದಾರು ನಿಮಿಷ ಆರಲು ಬಿಟ್ಟು ಬ್ರೆಡ್ಡಿನ ಮೇಲೆ ಸುರಿಯಿರಿ. ಮುಚ್ಚಿ ಐದಾರು ಗಂಟೆ ಇಡಿ. ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ! ಹಿಂಡಿದರೆ ಪಿಷ್ಟವೆಲ್ಲ ಇಳಿದು ಗಂಜಿಯಾಗುತ್ತದೆ. ಬ್ರೆಡ್ ಸಾಕಷ್ಟು ನೀರು ಕುಡಿದುಬಿಡುತ್ತದೆ, ಸುಮಾರು 3 ಲೀಟರ್ ಉಳಿಯುತ್ತದೆ. ಉಗುರುಬೆಚ್ಚಗಾದ ಮೇಲೆ 150 ಗ್ರಾಂ ಸಕ್ಕರೆ, 3 ಗ್ರಾಂ (ಸುಮಾರು ಒಂದು ಟೀ ಚಮಚ) ಒಣ ಯೀಸ್ಟ್ ಕಲಕಿ, ಬಟ್ಟೆ ಮುಚ್ಚಿಡಿ. ಬಿಸಿ ಇರುವಾಗಲೇ ಹಾಕಿದರೆ ಯೀಸ್ಟ್ ಸಾಯುತ್ತದೆ. ಬೇಗ ಆಗಲಿ ಎಂದು ಹೆಚ್ಚು ಹಾಕಿದರೆ ಕ್ವಾಸ್ ಪೂರ್ತಿ ಹಸಿ ಹಿಟ್ಟಿನ ವಾಸನೆ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ಸಕ್ಕರೆ ಯಾಕೆ, ಬ್ರೆಡ್ಡಿನಲ್ಲೇ ಪಿಷ್ಟ ಇದೆಯಲ್ಲ ಎಂದು ಕೇಳಬಹುದು. ಪಿಷ್ಟವನ್ನು ಯೀಸ್ಟ್ ನೇರವಾಗಿ ತಿನ್ನಲಾರದು. ಅದನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಮಾಲ್ಟ್‌ನಲ್ಲಿ ಇರುತ್ತವೆ. ಬ್ರೆಡ್ ಬೇಯುವಾಗ ಅವು ಸತ್ತಿರುತ್ತವೆ. ಅಂಗಡಿಯಲ್ಲಿ ಸಿಗುವ ಕೆಂಪು ರೈ ಮಾಲ್ಟ್‌ನಲ್ಲೂ ಅವು ಹೆಚ್ಚುಕಡಿಮೆ ಇರುವುದಿಲ್ಲ, ಅದು ಬಣ್ಣ ಮತ್ತು ಪರಿಮಳಕ್ಕೆ ಮಾತ್ರ. ಎರಡು ಚಮಚ ಆ ಮಾಲ್ಟನ್ನು ಬ್ರೆಡ್ ಜೊತೆಗೇ ನೆನೆಸಿದರೆ ರುಚಿ ಎದ್ದು ಕಾಣುತ್ತದೆ.

ಕೋಣೆ 22–25 ಡಿಗ್ರಿ ಇದ್ದರೆ 12 ಗಂಟೆ ಬಿಟ್ಟು ರುಚಿ ನೋಡಲು ಶುರುಮಾಡಿ. ಊರಿಗೆ ಹೋದಾಗ ರಾಯಚೂರಿನ ಬೇಸಿಗೆಯಲ್ಲಿ ಇದನ್ನೇ ಮಾಡಿದರೆ ಆರು ಗಂಟೆಗೇ ನೋಡಬೇಕು. ಸಿಹಿ ಇನ್ನೂ ಸ್ವಲ್ಪ ಹೆಚ್ಚೇ ಅನಿಸುವಾಗ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಮೇಲೆ ನಾಲ್ಕು ಬೆರಳು ಖಾಲಿ ಬಿಡಿ, ಒಂದೊಂದಕ್ಕೆ ಐದಾರು ಒಣದ್ರಾಕ್ಷಿ ಹಾಕಿ, ಮುಚ್ಚಳ ಬಿಗಿಮಾಡಿ. ಒತ್ತಿದರೆ ಬಾಟಲಿ ಕಲ್ಲಿನಂತೆ ಗಟ್ಟಿಯಾದ ತಕ್ಷಣ ಫ್ರಿಜ್‌ಗೆ, ಸಾಮಾನ್ಯವಾಗಿ ನಾಲ್ಕೈದು ಗಂಟೆ ಸಾಕು. ಗಾಜಿನ ಬಾಟಲಿ ಬೇಡವೇ ಬೇಡ: ಒಳಗಿನ ಒತ್ತಡ ಕೈಗೆ ತಿಳಿಯುವುದಿಲ್ಲ, ಸಿಡಿದರೆ ಗಾಜು ಕೋಣೆಯೆಲ್ಲ ಚೆಲ್ಲುತ್ತದೆ. ಒಂದು ರಾತ್ರಿ ಫ್ರಿಜ್‌ನಲ್ಲಿದ್ದರೆ ಗಷ್ಟು ತಳಕ್ಕಿಳಿದು ಯೀಸ್ಟ್ ವಾಸನೆಯೂ ತಗ್ಗುತ್ತದೆ. ಮೂರು ನಾಲ್ಕು ದಿನದೊಳಗೆ ಮುಗಿಸಿ.

ಆಲ್ಕೋಹಾಲ್ ಲೆಕ್ಕ ಇಷ್ಟು: ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ 1% ಆಗುತ್ತದೆ. ಮೇಲಿನ ಅಳತೆಯಲ್ಲಿ ಲೀಟರಿಗೆ 50 ಗ್ರಾಂ ಇದೆ. ಒಂದು ದಿನದಲ್ಲಿ ಅಷ್ಟೂ ಹುದುಗುವುದಿಲ್ಲ, ಆದರೆ ಮೂರು ದಿನ ಹೊರಗೇ ಮರೆತರೆ ಹೆಚ್ಚುಕಡಿಮೆ 3% ಹತ್ತಿರ ಹೋಗುತ್ತದೆ. ಆಗ ಸಿಹಿಯೂ ಇರುವುದಿಲ್ಲ.

ಹೆಚ್ಚು ಹುಳಿಯಾದದ್ದನ್ನು, ವಿನೆಗರ್ ವಾಸನೆ ಇಲ್ಲದಿದ್ದರೆ, ಅಕ್ರೋಷ್ಕಾಗೆ (ರಷ್ಯಾದ ತಣ್ಣನೆಯ ಸೂಪ್) ಬಳಸಿ. ಹೆಚ್ಚಿದ ಸೌತೆಕಾಯಿ, ಮೂಲಂಗಿ, ಬೇಯಿಸಿದ ಆಲೂಗಡ್ಡೆ, ಈರುಳ್ಳಿ ಸೊಪ್ಪು, ಸಬ್ಬಸಿಗೆ, ಉಪ್ಪು, ಒಂದು ಚಮಚ ಸ್ಮೆತಾನಾ (ಹುಳಿ ಕೆನೆ), ಮೇಲೆ ತಣ್ಣನೆಯ ಕ್ವಾಸ್. ರಷ್ಯನ್ನರು ಮೊಟ್ಟೆ, ಮಾಂಸ ಹಾಕುತ್ತಾರೆ, ಬಿಟ್ಟರೂ ನಡೆಯುತ್ತದೆ. ಇದಕ್ಕೆ ಸಿಹಿ ಕ್ವಾಸ್ ಹಾಕಿದರೆ ಮಾತ್ರ ತಿನ್ನಲಾಗುವುದಿಲ್ಲ.