ಬ್ಯಾಕ್ಟೀರಿಯಾಕ್ಕೆ ಕಬ್ಬಿಣ ಬೇಕೇ ಬೇಕು, ಆದರೆ ಅದೇ ವಿಷ ಅಂತಾರಲ್ಲ, ಎರಡೂ ಹೇಗೆ ಸರಿ?

ನಾನು ಧಾರವಾಡದವಳು, ಪುಣೆಯಲ್ಲಿ ಮೈಕ್ರೋಬಯಾಲಜಿ ಎಂಎಸ್ಸಿ ಮಾಡಿದೆ. ನಿಮಗೆ ಬಂದ ಗೊಂದಲ ನನಗೂ ಇತ್ತು. ಅದು ಬಿಟ್ಟದ್ದು ಒಂದು ನೀಲಿ ಪ್ಲೇಟ್ ನೋಡಿದ ಮೇಲೆ.

ಊರ ಹೊರಗಿನ ಕಬ್ಬಿನ ಗದ್ದೆಯಿಂದ ಕಪ್ಪು ಮಣ್ಣು ತಂದು, ಅದರಲ್ಲಿದ್ದ ಬ್ಯಾಕ್ಟೀರಿಯಾವನ್ನು ಸಿಎಎಸ್ ಅಗರ್ ಎಂಬ ಬಣ್ಣ ಹಾಕಿದ ಜೆಲ್ಲಿಯಂಥ ಆಹಾರದ ಮೇಲೆ ಬೆಳೆಸಿದ್ದೆವು. ಈ ಅಗರ್‌ನಲ್ಲಿರುವ ಬಣ್ಣ ಕಬ್ಬಿಣವನ್ನು ಹಿಡಿದಿರುವಷ್ಟು ಹೊತ್ತು ನೀಲಿಯಾಗಿರುತ್ತದೆ. ಎರಡು ದಿನ ಬಿಟ್ಟು ತೆಗೆದು ನೋಡಿದರೆ ಕೆಲವು ಕಾಲನಿಗಳ ಸುತ್ತ ಕಿತ್ತಳೆ ಬಣ್ಣದ ಉಂಗುರ! ಸಿಡೆರೋಫೋರ್ ಎಂಬ ಸಣ್ಣ ಅಣುಗಳನ್ನು ಹೊರಗೆ ಬಿಟ್ಟು, ಬ್ಯಾಕ್ಟೀರಿಯಾ ಆ ಕಬ್ಬಿಣವನ್ನು ಕಿತ್ತುಕೊಂಡಿತ್ತು. ಆ ಕಪ್ಪು ಮಣ್ಣು ಬಸಾಲ್ಟ್ ಕಲ್ಲು ಸವೆದು ಆದದ್ದು, ಕಬ್ಬಿಣಕ್ಕೇನೂ ಬರ ಇಲ್ಲ. ಆದರೆ ಗಾಳಿ ತಾಗಿದ ಕಬ್ಬಿಣ ತುಕ್ಕಿನ ಹಾಗೆ, ನೀರಿನಲ್ಲಿ ಕರಗುವುದೇ ತೀರಾ ಕಡಿಮೆ. ಅದಕ್ಕೇ ಇಷ್ಟು ಒದ್ದಾಟ.

ಒಳಗೆ ಬಂದ ಮೇಲೆ ಬೇರೆ ಕಷ್ಟ. ಆಕ್ಸಿಜನ್ ಇರುವ ಕಡೆ ಬದುಕುವ ಜೀವಕೋಶದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಸ್ವಲ್ಪ ಹುಟ್ಟುತ್ತಲೇ ಇರುತ್ತದೆ. ಬಿಡಿ ಕಬ್ಬಿಣ ಅದಕ್ಕೆ ಸಿಕ್ಕರೆ ತಾಗಿದ್ದನ್ನೆಲ್ಲ ಕೆಡಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಅದು ಡಿಎನ್‌ಎಯನ್ನೂ ಬಿಡುವುದಿಲ್ಲ. ಫೆಂಟನ್ ಎಂಬ ರಸಾಯನ ವಿಜ್ಞಾನಿ 1894ರಲ್ಲಿ ಬರೆದದ್ದು ಕಬ್ಬಿಣ-ಪೆರಾಕ್ಸೈಡ್ ಜೋಡಿಯ ಈ ಶಕ್ತಿಯ ಬಗ್ಗೆಯೇ.

ಹಾಗಾಗಿ ಲೆಕ್ಕ ಇಡಬೇಕು, ಅಲ್ವಾ? ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾದಲ್ಲಿ ಆ ಕೆಲಸ ಫರ್ ಎಂಬ ಪ್ರೋಟೀನಿನದು. ಒಳಗೆ ಕಬ್ಬಿಣ ಸಾಕಷ್ಟಿದ್ದರೆ ಅದು ಫರ್‌ಗೆ ಅಂಟುತ್ತದೆ. ಆಗ ಫರ್ ಡಿಎನ್‌ಎ ಮೇಲೆ ಕೂತು ಸಿಡೆರೋಫೋರ್ ಮಾಡುವ ಜೀನ್‌ಗಳನ್ನು ತಡೆಯುತ್ತದೆ. ಕಬ್ಬಿಣ ಕಡಿಮೆಯಾದರೆ ಫರ್ ಅಲ್ಲಿಂದ ಏಳುತ್ತದೆ, ಆ ಜೀನ್‌ಗಳು ಮತ್ತೆ ಶುರು.

ಪೆರಾಕ್ಸೈಡ್ ಜಾಸ್ತಿಯಾದರೆ ಎಚ್ಚರಗೊಳ್ಳುವುದು ಆಕ್ಸಿಆರ್ ಎಂಬ ಇನ್ನೊಂದು ಪ್ರೋಟೀನ್. ಪಠ್ಯಪುಸ್ತಕದಲ್ಲಿ ಇದು ಬೇರೆ ಅಧ್ಯಾಯದಲ್ಲಿರುತ್ತದೆ, ನಮ್ಮ ಗೊಂದಲ ಹುಟ್ಟುವುದೇ ಅಲ್ಲಿ. ಆಕ್ಸಿಆರ್ ಪೆರಾಕ್ಸೈಡ್ ಒಡೆಯುವ ಕೆಟಲೇಸ್ ಎಂಬ ಕಿಣ್ವವನ್ನು ಮಾಡಿಸುತ್ತದೆ, ಜೊತೆಗೆ ಫರ್ ಅನ್ನೂ ಹೆಚ್ಚಿಸುತ್ತದೆ. ಬೆಂಕಿ ಕಂಡ ಕೂಡಲೇ ಸೌದೆ ತರುವುದನ್ನು ನಿಲ್ಲಿಸಿದ ಹಾಗೆ. ಡಿಪಿಎಸ್ ಎಂಬ ಪ್ರೋಟೀನನ್ನೂ ಮಾಡಿಸುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದೇ. 12 ತುಂಡು ಸೇರಿ ಆದ ಟೊಳ್ಳು ಚೆಂಡು, ಒಳಗೆ ಸುಮಾರು 500 ಕಬ್ಬಿಣದ ಪರಮಾಣು ಹಿಡಿಸುತ್ತವೆ. ಕಬ್ಬಿಣವನ್ನು ಒಳಗೆ ತುಂಬಿಕೊಳ್ಳುವಾಗ ಪೆರಾಕ್ಸೈಡನ್ನೂ ಖರ್ಚು ಮಾಡಿಬಿಡುತ್ತದೆ.

ಲ್ಯಾಬ್ ಇದ್ದರೆ ಕೆಟಲೇಸ್ ಟೆಸ್ಟ್ ಮಾಡಿ ನೋಡಿ. ಸ್ಲೈಡ್ ಮೇಲೆ ಸ್ವಲ್ಪ ಕಾಲನಿ, ಮೇಲೊಂದು ಹನಿ 3% ಪೆರಾಕ್ಸೈಡ್, ಬುಸ್ಸನೆ ಗುಳ್ಳೆ ಏಳುತ್ತದೆ. ಕಾಲನಿ ತೆಗೆಯಲು ಮರದ ಕಡ್ಡಿಯನ್ನೇ ಬಳಸಿ. ಕಬ್ಬಿಣವಿರುವ ಲೂಪ್ (ಕಾಲನಿ ತೆಗೆಯುವ ತಂತಿ) ತಾಗಿದರೆ ಬ್ಯಾಕ್ಟೀರಿಯಾ ಇಲ್ಲದೆಯೂ ಗುಳ್ಳೆ ಬರಬಹುದು.