ಸಂಪಾದಕರ ಉತ್ತರ: ಸೈಟು ಮಾರುವ ಮುನ್ನ

ಓದುಗರ ಪತ್ರದ ಸಾರ: ನಮ್ಮ ಮೂಲ ಬೈಂದೂರು ಕಡೆ. ಶಿವಮೊಗ್ಗದಲ್ಲಿ 22 ವರ್ಷದಿಂದ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದೇನೆ. ಮಗಳು ದ್ವಿತೀಯ ಪಿಯುಸಿ. ಸ್ವಿಟ್ಜರ್ಲೆಂಡಿನ ಖಾಸಗಿ ಶಾಲೆಯಲ್ಲಿ ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಊಟ, ವಸತಿ ಸೇರಿ ಮೂರು ವರ್ಷಕ್ಕೆ ಒಂದು ಕೋಟಿ ಆಗುತ್ತದೆ, ಇಂಟರ್ನ್‌ಶಿಪ್ ಸಂಬಳದಲ್ಲಿ ಅರ್ಧ ವಾಪಸ್ ಬರುತ್ತದೆ, ಆಮೇಲೆ ಅಲ್ಲೇ ಕೆಲಸ ಗ್ಯಾರಂಟಿ ಎಂದು ಏಜೆಂಟರು ಹೇಳುತ್ತಾರೆ. ಸೈಟು ಮಾರಿದರೆ 40 ಲಕ್ಷ ಸಿಗಬಹುದು, ಉಳಿದ 60 ಲಕ್ಷಕ್ಕೆ ಸಾಲ ಮಾಡಬೇಕು. ಹದಿನೈದು ದಿನದೊಳಗೆ ಮುಂಗಡ 3 ಲಕ್ಷ ಕಟ್ಟಬೇಕಂತೆ. ಏನು ಮಾಡಲಿ?

ಮಾನ್ಯರೇ,

ನಿಮ್ಮ ಪತ್ರದ ಕೊನೆಯ ಪುಟದ ಅಂಚಿನಲ್ಲಿ ಬೇರೆ ಕೈಬರಹದಲ್ಲಿ ಒಂದು ಸಾಲಿತ್ತು: ‘ಅಪ್ಪ ಬೇಡ ಅಂದರೆ ಬೇಡ, ಆದರೆ ನನಗೆ ಇದು ಶೋಕಿ ಅಲ್ಲ ಅಂತ ಗೊತ್ತಾಗಬೇಕು.’ ನಿಮ್ಮ ಮಗಳದೇ ಇರಬೇಕು. ಆ ಸಾಲು ಕಂಡ ಮೇಲೆ ನಾಲ್ಕು ವಾಕ್ಯದಲ್ಲಿ ಉತ್ತರ ಮುಗಿಸಲು ಮನಸ್ಸಾಗಲಿಲ್ಲ.

ಅವಳ ಆಸೆಗೆ ಬುಡವಿದೆ. ಹೋಟೆಲ್ ಕೆಲಸವನ್ನು ಶಾಲೆಯಲ್ಲಿ ಕಲಿಸಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟವರೇ ಸ್ವಿಸ್ಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಆಲ್ಪ್ಸ್ ನೋಡಲು ಹಿಂಡುಹಿಂಡಾಗಿ ಹೋಗತೊಡಗಿದರು. ಜನರನ್ನು ಗುಂಪು ಕಟ್ಟಿ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಇಂಗ್ಲೆಂಡಿನ ಥಾಮಸ್ ಕುಕ್ ತನ್ನ ಮೊದಲ ಸ್ವಿಸ್ ಪ್ರವಾಸ ಏರ್ಪಡಿಸಿದ್ದು 1863ರಲ್ಲಿ. ಸರೋವರದ ದಂಡೆಯಲ್ಲೂ ಗುಡ್ಡದ ನೆತ್ತಿಯಲ್ಲೂ ಅರಮನೆಯಂಥ ಹೋಟೆಲುಗಳೆದ್ದವು. ನಡೆಸಲು ತಿಳಿದವರು ಮಾತ್ರ ಸಾಲಲಿಲ್ಲ. 1893ರಲ್ಲಿ ಜಾಕ್ ಚುಮಿ ಎಂಬ ಹೋಟೆಲಿಗ ಲೊಸಾನ್ ಪಟ್ಟಣದ ಊಶಿ ದಂಡೆಯ ಒಂದು ಹೋಟೆಲಿನಲ್ಲೇ ಪಾಠ ಶುರುಮಾಡಿದ. ಅದೇ ಇಂದಿನ ಇಎಚ್‌ಎಲ್, ಲೋಕದ ಮೊದಲ ಹೋಟೆಲ್ ಶಾಲೆ. ವಿದ್ಯಾರ್ಥಿಗಳೇ ಕೆಲಸ ಕಲಿಯುವ ಅಲ್ಲಿನ ರೆಸ್ಟೋರೆಂಟಿಗೆ 2019ರಲ್ಲಿ ಉತ್ತಮ ಅಡುಗೆಗೆ ಕೊಡುವ ಮಿಶೆಲಿನ್ ತಾರೆಯೂ ಬಂತು. ಮೊಂತ್ರೋ ಪಟ್ಟಣದ ಮೇಲಿನ ಗುಡ್ಡದಲ್ಲಿರುವ ಗ್ಲಿಯೋನ್ ಶಾಲೆ 1962ರಲ್ಲಿ ಶುರುವಾದದ್ದೂ ಒಂದು ಹಳೆಯ ಗ್ರ್ಯಾಂಡ್ ಹೋಟೆಲಿನ ಕಟ್ಟಡದಲ್ಲೇ. ಅತಿಥಿಗಳು ಮಲಗುತ್ತಿದ್ದ ಕೋಣೆಯಲ್ಲಿ ಮಲಗಿ, ಅವರು ಊಟ ಮಾಡುತ್ತಿದ್ದ ಹಜಾರದಲ್ಲಿ ಬಡಿಸಲು ಕಲಿಯುವುದು ಪುಸ್ತಕದಿಂದ ಸಿಗುವ ವಿದ್ಯೆಯಲ್ಲ.

ನನ್ನ ಅಕ್ಕನ ಮಗಳು ಇಂಥದೇ ಒಂದು ಖಾಸಗಿ ಶಾಲೆಯಲ್ಲಿ ಓದಿದವಳು. ಶಾಲೆಯ ಹೆಸರು ಬೇಡ. ಮೊದಲ ವಾರ ಅವಳಿಂದ ಮಾಡಿಸಿದ ಕೆಲಸ ಗಾಜಿನ ಲೋಟ ಒರೆಸುವುದು. ಬಿಸಿನೀರಿನ ಪಾತ್ರೆಯ ಮೇಲೆ ಲೋಟವನ್ನು ಬೋರಲು ಹಿಡಿದು, ಹಬೆ ಕಟ್ಟಿಸಿ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಎತ್ತಿ ನೋಡಬೇಕು. ಎಲ್ಲೋ ಒಂದು ಕಡೆ ಹೆಬ್ಬೆಟ್ಟಿನ ಗುರುತು ಕಂಡರೆ ಮತ್ತೆ ಹಬೆ. ಚಮಚ, ಚಾಕುಗಳನ್ನು ಮೇಜಿನ ಅಂಚಿನಿಂದ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಒಳಗಿಡಬೇಕು, ಚಾಕುವಿನ ಅಲಗು ತಟ್ಟೆಯ ಕಡೆಗಿರಬೇಕು. ಇಂಟರ್ನ್‌ಶಿಪ್ಪಿಗೆ ಹೋದ ಹೋಟೆಲಿನಲ್ಲಿ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸೊಬ್ಬರು ಇನ್ನೊಂದು ಪಾಠ ಕಲಿಸಿದರಂತೆ. ಅತಿಥಿ ಮಂಚದ ಪಕ್ಕದ ದೀಪವನ್ನು ಎಡಗಡೆಗೆ ಸರಿಸಿಕೊಂಡಿದ್ದರೆ ಅದನ್ನು ವಾಪಸ್ ಬಲಕ್ಕೆ ಇಡಬೇಡ, ಅವರು ಎಡಗೈಯವರಿರಬೇಕು, ನಾಳೆ ಕಪ್ಪಿನ ಹಿಡಿಯನ್ನೂ ಎಡಕ್ಕೆ ತಿರುಗಿಸಿಡು ಎಂದು. ನಿಮ್ಮ ಹೋಟೆಲಿನಲ್ಲಿ ಮೂಲೆಯ ಮೇಜಿನ ಮೇಷ್ಟ್ರಿಗೆ ಸಕ್ಕರೆ ಕಡಿಮೆ ಎಂದು ಮಾಣಿಗೆ ಕೇಳದೆಯೇ ಗೊತ್ತಿರುತ್ತದಲ್ಲ, ಅದೇ ವಿದ್ಯೆ ಇದು. ಅಲ್ಲಿ ಅದನ್ನು ಪದ್ಧತಿಯಾಗಿ ಕಲಿಸುತ್ತಾರೆ. ಆದ್ದರಿಂದ ಅಲ್ಲಿ ಕಲಿಯುವುದೇನಿದೆ ಎಂದು ಮಗಳನ್ನು ದಯವಿಟ್ಟು ಹೀಗಳೆಯಬೇಡಿ.

ನನ್ನ ತಕರಾರಿರುವುದು ಏಜೆಂಟರು ಹೇಳಿದ ಎರಡು ಮಾತಿನ ಬಗ್ಗೆ.

ಮೊದಲನೆಯದು, ಅರ್ಧ ಹಣ ವಾಪಸ್ ಬರುತ್ತದೆ ಎಂಬುದು. ಪೆನ್ನು ಹಿಡಿದು ಲೆಕ್ಕ ಹಾಕೋಣ. ಈ ಶಾಲೆಗಳಲ್ಲಿ ಸಾಮಾನ್ಯವಾಗಿ ಐದಾರು ತಿಂಗಳು ಪಾಠ, ಐದಾರು ತಿಂಗಳು ಹೋಟೆಲಿನಲ್ಲಿ ಕೆಲಸ. ಮೂರು ವರ್ಷದ ಕೋರ್ಸಿನಲ್ಲಿ ಅಂಥ ಎರಡು ಇಂಟರ್ನ್‌ಶಿಪ್ ಸಿಕ್ಕುತ್ತವೆ ಎನ್ನಿ. ಸ್ವಿಸ್ ಹೋಟೆಲ್ ಮಾಲೀಕರೂ ನೌಕರರೂ ಸೇರಿ ಮಾಡಿಕೊಂಡ ಸಾಮೂಹಿಕ ಒಪ್ಪಂದದ ಪ್ರಕಾರ ಇಂಟರ್ನ್‌ಗಳ ತಿಂಗಳ ಸಂಬಳ 2,200ರಿಂದ 2,400 ಫ್ರಾಂಕ್ ಆಸುಪಾಸಿನದು. ಇದು ಕಡಿತಕ್ಕೆ ಮುಂಚಿನ ಮೊತ್ತ. ಹೋಟೆಲೇ ಊಟ, ವಸತಿ ಕೊಟ್ಟರೆ ಅದಕ್ಕೆ ಹಿಡಿಯುವ ಸರ್ಕಾರಿ ದರ ತಿಂಗಳಿಗೆ 990 ಫ್ರಾಂಕ್. ಅದರ ಮೇಲೆ ಸಾಮಾಜಿಕ ವಿಮೆ, ತೆರಿಗೆ, ಆರೋಗ್ಯ ವಿಮೆ. ಕೈಗೆ ಸಾವಿರ ಫ್ರಾಂಕ್ ಉಳಿದರೆ ಹೆಚ್ಚು. ಹತ್ತು ತಿಂಗಳು ದುಡಿದು, ಒಂದು ಕಾಫಿಯನ್ನೂ ಕುಡಿಯದೆ ಕೂಡಿಟ್ಟರೂ ಹತ್ತು ಸಾವಿರ ಫ್ರಾಂಕ್. ಫ್ರಾಂಕಿಗೆ ನೂರು ರೂಪಾಯಿಯಂತೆ ಹತ್ತು ಲಕ್ಷ. ಒಂದು ಕೋಟಿಯ ಅರ್ಧ ಎಲ್ಲಿ, ಹತ್ತನೇ ಒಂದು ಪಾಲು ಎಲ್ಲಿ! ಆ ಹತ್ತು ಲಕ್ಷವೂ ಹುಡುಗಿಯ ಜೀವ ಹಿಂಡಿ ಬರುವ ಹಣ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ಮತ್ತೆ ಸಂಜೆಯಿಂದ ರಾತ್ರಿಯವರೆಗೆ ಕೆಲಸ. ನಡುವಿನ ಬಿಡುವಿಗೆ ಜರ್ಮನ್ ಮಾತಾಡುವ ಭಾಗದಲ್ಲಿ ‘ತ್ಸಿಮ್ಮರ್‌ಷ್ಟುಂಡೆ’ ಎನ್ನುತ್ತಾರೆ, ಕೋಣೆಯ ವೇಳೆ ಎಂದರ್ಥ. ಹೊರಗೆ ಮೊಣಕಾಲುದ್ದ ಹಿಮ, ಬಸ್ಸು ಸಿಕ್ಕುವುದು ಅಪರೂಪ. ಅಟ್ಟದ ಕೋಣೆಯಲ್ಲಿ ಕೂತು ನಮ್ಮ ಹುಡುಗಿ ಅಮ್ಮನಿಗೆ ಫೋನ್ ಮಾಡುತ್ತಿದ್ದದ್ದು ಆ ಹೊತ್ತಿನಲ್ಲೇ.

ಇನ್ನೊಂದು ವಿಷಯ ಏಜೆಂಟರು ಹೇಳಿರಲಿಕ್ಕಿಲ್ಲ. ಫ್ರೆಂಚ್ ಅಥವಾ ಜರ್ಮನ್ ಬಾರದವರಿಗೆ ಸ್ವಾಗತ ಕೌಂಟರಿನ ಕೆಲಸ ಸಿಗುವುದು ಕಷ್ಟ. ಅಡುಗೆಮನೆ, ಬಡಿಸುವುದು, ಕೋಣೆ ಸ್ವಚ್ಛ ಮಾಡುವುದೇ ಪಾಲಿಗೆ ಬರುತ್ತದೆ. ಮ್ಯಾನೇಜ್‌ಮೆಂಟ್ ಎಂಬ ಪದ ಕೇಳಿ ಹೋದ ಮಕ್ಕಳು ಇದಕ್ಕೆ ಎದೆಗುಂದುವುದುಂಟು. ನಿಮ್ಮ ಮಗಳು ಹೋಟೆಲಿನಲ್ಲೇ ಬೆಳೆದವಳು, ಅವಳಿಗೆ ಈ ಆಘಾತ ಕಡಿಮೆ.

ಎರಡನೆಯ ಮಾತು, ಅಲ್ಲೇ ಕೆಲಸ ಗ್ಯಾರಂಟಿ ಎಂಬುದು. ಇದನ್ನು ನಂಬಬೇಡಿ. ಐರೋಪ್ಯ ಒಕ್ಕೂಟದ ಆಚೆಯವರನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕಾದರೆ ಸ್ವಿಸ್ ಮಾಲೀಕ ತನ್ನ ದೇಶದಲ್ಲಾಗಲಿ ಒಕ್ಕೂಟದಲ್ಲಾಗಲಿ ತಕ್ಕವರು ಸಿಗಲಿಲ್ಲ ಎಂದು ತೋರಿಸಬೇಕು. ನಮ್ಮಂಥ ಹೊರದೇಶದವರಿಗೆಲ್ಲ ಸೇರಿ ವರ್ಷಕ್ಕೆ ಇಟ್ಟಿರುವ ಪರವಾನಗಿ 8,500. ಅದರಲ್ಲಿ ಔಷಧ ಕಂಪನಿಯ ವಿಜ್ಞಾನಿಗಳು, ಸಾಫ್ಟ್‌ವೇರ್‌ನವರು, ಬ್ಯಾಂಕಿನವರೆಲ್ಲ ಬಂದರು. ಅಲ್ಲಿನ ಮಾನ್ಯ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಪದವಿ ಪಡೆದವರಿಗೆ ಕೆಲಸ ಹುಡುಕಲು ಆರು ತಿಂಗಳ ಅವಕಾಶವೇನೋ ಇದೆ. ಆದರೆ ಸಿಕ್ಕ ಕೆಲಸ ದೇಶದ ಆರ್ಥಿಕತೆಗೋ ವಿಜ್ಞಾನಕ್ಕೋ ವಿಶೇಷ ಮಹತ್ವದ್ದು ಎನಿಸಬೇಕು. ಹೊಸದಾಗಿ ಪಾಸಾದ ಹೋಟೆಲ್ ಹುಡುಗಿಯ ಕೆಲಸ ಆ ತೂಕಕ್ಕೆ ಬರುವುದು ಅಪರೂಪ. ಸ್ವಿಸ್ ಖಾಸಗಿ ಶಾಲೆಯಲ್ಲಿ ನೀವು ಕೊಳ್ಳುವುದು ದುಬೈ, ದೋಹಾ, ಸಿಂಗಪುರ, ಮುಂಬೈಗಳಲ್ಲಿ ನಡೆಯುವ ನಾಣ್ಯವನ್ನು. ಆ ನಾಣ್ಯಕ್ಕೆ ಬೆಲೆಯಿದೆ, ನಾನು ಅಲ್ಲಗಳೆಯುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಗಿಲು ಮಾತ್ರ ಅದರಿಂದ ತೆರೆಯುವುದಿಲ್ಲ.

ಅಂದಹಾಗೆ, ಸ್ವಿಸ್ ಮಕ್ಕಳೇ ಈ ವಿದ್ಯೆಯನ್ನು ಬಹುಪಾಲು ಬೇರೆ ದಾರಿಯಲ್ಲಿ ಕಲಿಯುತ್ತಾರೆ. ಹದಿನೈದು, ಹದಿನಾರರ ವಯಸ್ಸಿಗೆ ಹೋಟೆಲೊಂದರಲ್ಲಿ ಶಿಷ್ಯವೃತ್ತಿಗೆ ಸೇರಿ, ಮೂರು ವರ್ಷ ಸಂಬಳ ಪಡೆಯುತ್ತಲೇ ಅಡುಗೆ ಕಲಿತು, ಆಮೇಲೆ ಲುಸರ್ನ್, ಥೂನ್‌ನಂಥ ಊರುಗಳ ಹೋಟೆಲ್ ಶಾಲೆಗಳಿಗೆ ಹೋಗುತ್ತಾರೆ. ಹೆಸರಾಂತ ರಿಟ್ಜ್ ಹೋಟೆಲುಗಳನ್ನು ಶುರುಮಾಡಿದ ಸೀಸರ್ ರಿಟ್ಜ್ ಕೂಡ ವಾಲೆ ಪ್ರಾಂತ್ಯದ ನೀಡರ್‌ವಾಲ್ಡ್ ಎಂಬ ಪುಟ್ಟ ಹಳ್ಳಿಯವನು. ಬ್ರಿಗ್ ಪಟ್ಟಣದ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿ ಕಲಿತವನು. ಇಂಗ್ಲಿಷ್ ಮಾಧ್ಯಮದ ದುಬಾರಿ ಖಾಸಗಿ ಶಾಲೆಗಳಿಗೆ ಬರುವವರಲ್ಲಿ ಹೊರದೇಶದವರೇ ಹೆಚ್ಚು. ಎಲ್ಲ ಶಾಲೆಗಳೂ ಒಂದೇ ತೂಕದವಲ್ಲ ಎಂಬುದೂ ನೆನಪಿರಲಿ. ಕೆಲವು ಸ್ವಿಸ್ ಮಾನ್ಯತಾ ಮಂಡಳಿಯ ಪಟ್ಟಿಯಲ್ಲಿವೆ, ಕೆಲವು ಕೊಡುವ ಪದವಿ ಬ್ರಿಟನ್ನಿನ ಯಾವುದೋ ವಿಶ್ವವಿದ್ಯಾಲಯದ್ದು, ಇನ್ನು ಕೆಲವು ಬರೀ ಡಿಪ್ಲೊಮಾ. ಶಾಲೆಯ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಿ, ಏಜೆಂಟರ ಬಾಯಿಮಾತು ಬೇಡ. ಅವರಿಗೆ ಕಮಿಷನ್ ಕೊಡುವವರು ಯಾರು ಎಂದೂ ನೇರವಾಗಿ ಕೇಳಿ.

ಈಗ ಸಾಲದ ವಿಚಾರ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. 60 ಲಕ್ಷವನ್ನು ಶೇ. 11ರ ಬಡ್ಡಿಗೆ ತಂದು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 82,650 ರೂಪಾಯಿ. ಓದುವ ಕಾಲದ ಬಡ್ಡಿ ಬೇರೆ. ಇಷ್ಟು ಸಾಲಕ್ಕೆ ಬ್ಯಾಂಕು ಅಡಮಾನ ಕೇಳಿಯೇ ಕೇಳುತ್ತದೆ. ಸೈಟು ಮಾರಿದ ಮೇಲೆ ಇಡುವುದಕ್ಕೆ ಉಳಿಯುವುದು ಮನೆ, ಇಲ್ಲವೇ ಹೋಟೆಲು. ಫ್ರಾಂಕ್ ಒಂದೇ ಕಡೆ ನಿಲ್ಲುವುದೂ ಇಲ್ಲ. ಇಪ್ಪತ್ತು ವರ್ಷದ ಹಿಂದೆ 35ರಿಂದ 40 ರೂಪಾಯಿ ಇದ್ದದ್ದು ಈಗ ನೂರು ದಾಟಿದೆ, ಮೂರನೇ ವರ್ಷದ ಶುಲ್ಕ ಎಷ್ಟು ರೂಪಾಯಿಯಾಗುತ್ತದೆ ಎಂದು ಇವತ್ತೇ ಹೇಳಲು ಯಾರಿಗೂ ಆಗದು. ಇತ್ತ ನಮ್ಮ ದೇಶದ ದೊಡ್ಡ ಹೋಟೆಲುಗಳಲ್ಲಿ ಹೊಸಬರ ಸಂಬಳ ಆ ಕಂತಿನ ಅರ್ಧ ಮುಟ್ಟುವುದೂ ಕಷ್ಟ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇಂಥದ್ದಕ್ಕೇ.

ಭಾರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆ. ಹೋಟೆಲ್ ವೃತ್ತಿಯಲ್ಲಿ ಮೊದಲ ಎರಡು ಮೂರು ವರ್ಷ ಕಡಿಮೆ ಸಂಬಳದವೇ. ಆ ವರ್ಷಗಳನ್ನು ಯಾರ ಕೈಕೆಳಗೆ ಕಳೆಯುತ್ತೀರಿ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ನಮ್ಮ ಅಕ್ಕನ ಮಗಳಿಗೆ ಓದು ಮುಗಿದ ಮೇಲೆ ರಾಜಸ್ಥಾನದ ಹಳೆಯ ಹವೇಲಿಯೊಂದನ್ನು ಹೋಟೆಲು ಮಾಡಿದ್ದ ಕಡೆ ಕರೆ ಬಂತು. ಮ್ಯಾನೇಜರ್ ಒಳ್ಳೆಯವರು, ಕೆಲಸ ಕಲಿಸುವವರು. ಸಂಬಳ 28 ಸಾವಿರ. ಅವಳಿಗೆ ಹೋಗಲು ಪ್ರಾಣ. ಆದರೆ ಕಂತು ಶುರುವಾಗಿತ್ತು. ಗಲ್ಫಿನಲ್ಲಿ ಮನೆ, ಫ್ಲ್ಯಾಟು ಮಾರುವ ಕಂಪನಿಯ ಸ್ವಾಗತ ವಿಭಾಗ ಹೆಚ್ಚು ಹಣ ಕೊಟ್ಟಿತು, ಅಲ್ಲಿಗೆ ಹೋದಳು. ಸಾಲ ಇನ್ನೂ ಮೂರು ವರ್ಷದ್ದು ಬಾಕಿಯಿದೆ. ಕಪ್ಪಿನ ಹಿಡಿ ಯಾವ ಕಡೆಗಿರಬೇಕು ಎಂದು ಕಲಿತ ಹುಡುಗಿ ಈಗ ಬಂದವರಿಗೆ ಕರಪತ್ರ ಕೊಟ್ಟು ಕೂರಿಸುತ್ತಾಳೆ. ಹಬ್ಬಕ್ಕೆ ಊರಿಗೆ ಬಂದಾಗ ನಮ್ಮ ಮನೆಯ ಲೋಟಗಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ನನಗೆ ಸಂಕಟವಾಗುತ್ತದೆ. ಶಾಲೆ ಕಲಿಸಿದ್ದು ಕೆಟ್ಟದ್ದಲ್ಲ, ಅವಳು ದಡ್ಡಿಯಲ್ಲ. ಕಲಿತದ್ದನ್ನು ಮಾಗಿಸಿಕೊಳ್ಳುವ ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಸಾಲ ಕಿತ್ತುಕೊಂಡಿತು.

ಹಾಗಾಗಿ ನನ್ನ ಸಲಹೆ ಇಷ್ಟು: ಈ ವರ್ಷ ಸೈಟು ಮಾರಬೇಡಿ, ಮುಂಗಡ ಕಟ್ಟಬೇಡಿ. ಮಗಳು ಮೊದಲ ಪದವಿಯನ್ನು ಇಲ್ಲೇ ಮಾಡಲಿ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ, ಎನ್‌ಸಿಎಚ್‌ಎಂ ಜೆಇಇ ಪ್ರವೇಶ ಪರೀಕ್ಷೆಯ ಮೂಲಕ ಸೇರಬಹುದು. ಮಣಿಪಾಲದಲ್ಲಿ 1980ರ ದಶಕದಿಂದ ನಡೆದುಬಂದ ವೆಲ್‌ಕಮ್‌ಗ್ರೂಪ್ ಹೋಟೆಲ್ ಶಾಲೆಯಿದೆ, ನಿಮ್ಮ ಮೂಲ ಊರಿಗೂ ಹತ್ತಿರ. ಓದು ಮುಗಿಸಿ ಎರಡು ಮೂರು ವರ್ಷ ಒಳ್ಳೆಯ ಹೋಟೆಲಿನಲ್ಲಿ ದುಡಿಯಲಿ, ಜೊತೆಗೆ ಫ್ರೆಂಚನ್ನೋ ಜರ್ಮನ್ನನ್ನೋ ಗಟ್ಟಿಯಾಗಿ ಕಲಿಯಲಿ. ಆಗಲೂ ಸ್ವಿಟ್ಜರ್ಲೆಂಡಿಗೆ ಹೋಗುವ ಆಸೆ ಹೀಗೇ ಉರಿಯುತ್ತಿದ್ದರೆ ಸ್ನಾತಕೋತ್ತರ ಕೋರ್ಸಿಗೆ ಹೋಗಲಿ. ಒಂದೊಂದೂವರೆ ವರ್ಷದ ಖರ್ಚು, ಸಾಲವಾದರೂ ಕೈಗೆಟುಕುವಷ್ಟು. ಸೈಟು ಆಗ ಮಾರಿದರೂ ನಾನು ಬೇಡವೆನ್ನುವುದಿಲ್ಲ. ಹಣ ಯಥೇಚ್ಛವಾಗಿದ್ದು ಸಾಲವೇ ಬೇಕಿಲ್ಲದ ಮನೆಯವರು ಬರೆದಿದ್ದರೆ ಈಗಲೇ ಕಳಿಸಿ ಎನ್ನುತ್ತಿದ್ದೆ, ಅದನ್ನೂ ಮುಚ್ಚಿಡುವುದಿಲ್ಲ.

ಮಗಳಿಗೆ ಒಂದು ಮಾತು. ನಿಮ್ಮ ಕರಾವಳಿಯವರೇ ಆದ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲೇ ಇಂದಿನ ಎಂಟಿಆರ್. ಆ ಮನೆಯ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ರೆಸ್ಟೋರೆಂಟುಗಳು ಹೇಗೆ ನಡೆಯುತ್ತವೆ ಎಂದು ಕಣ್ಣಾರೆ ನೋಡಿ ಬಂದರು. ಅಲ್ಲಿ ಕಂಡ ಶುಚಿತ್ವ, ಶಿಸ್ತನ್ನು ಲಾಲ್‌ಬಾಗ್ ರಸ್ತೆಯ ಅಡುಗೆಮನೆಗೆ ತಂದರು. ಹೋಟೆಲಿನ ಒಳಗುಟ್ಟು ಮೊದಲೇ ಬಲ್ಲವರಾದ್ದರಿಂದ ಏನನ್ನು ನೋಡಬೇಕೆಂದು ಅವರಿಗೆ ಗೊತ್ತಿತ್ತು. ನೀನೂ ಹಾಗೆ ಹೋಗು ಎಂಬುದು ನನ್ನ ಆಸೆ, ಮಗಳೇ. ನಿನ್ನದು ಶೋಕಿಯಲ್ಲ ಎಂದು ನನಗಂತೂ ಗೊತ್ತಾಗಿದೆ.

ಮಾನ್ಯರೇ, ಹದಿನೈದು ದಿನದ ಗಡುವಿಗೆ ಹೆದರಬೇಡಿ. ಈ ಶಾಲೆಗಳು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ, ಸೀಟು ಎಲ್ಲಿಗೂ ಓಡಿಹೋಗುವುದಿಲ್ಲ. ಜೆಇಇ ಅರ್ಜಿಯ ಕೊನೆಯ ದಿನ ಮಾತ್ರ ಕಾಯುವುದಿಲ್ಲ. ಈ ವಾರವೇ ಮಗಳ ಜೊತೆ ಕೂತು ಅದನ್ನು ತುಂಬಿಸಿ. ಫಲಿತಾಂಶ ಬಂದ ಮೇಲೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

- ಸಂ.