ಪುಣೆಯಲ್ಲಿ ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸುವ ಮುನ್ನ

ಶಿವಮೊಗ್ಗದಿಂದ ಪುಣೆಗೆ ವರ್ಗವಾಗಿ ಬರುತ್ತಿರುವ ನೀವು ಕೇಳಿದ್ದು ಇಷ್ಟು: ಒಂದನೇ ತರಗತಿಯ ಮಗಳನ್ನು ಶಾಲೆಯ ಬಸ್ಸಿಗೆ ಹಾಕುವುದೋ, ಖಾಸಗಿ ವ್ಯಾನಿಗೆ ಹಾಕುವುದೋ? ಒಳ್ಳೆಯ ಮಾವಶಿ ಯಾವುದರಲ್ಲಿದ್ದಾರೋ ಅದಕ್ಕೆ ಹಾಕಿ. ಮಕ್ಕಳನ್ನು ಹತ್ತಿಸಿ ಇಳಿಸುವ ಸಹಾಯಕಿಯನ್ನು ಇಲ್ಲಿ ಎಲ್ಲರೂ ಕರೆಯುವುದು ಮಾವಶಿ ಎಂದು. ಚಾಲಕನನ್ನು ಕಾಕಾ ಎಂದು. ಶುಲ್ಕ ಎಷ್ಟು, ಎಸಿ ಇದೆಯೇ, ಬಸ್ ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುತ್ತಾರೆಯೇ, ಇವೆಲ್ಲ ಆಮೇಲಿನ ಮಾತು.

ಬಸ್ ಓಡುತ್ತಿರುವಾಗಿನದಕ್ಕಿಂತ ಅದು ನಿಂತಾಗಿನ ಹೊತ್ತೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಪುಣೆ ದ್ವಿಚಕ್ರ ವಾಹನಗಳ ಊರು. ನಿಂತ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಎರಡಡಿ ಜಾಗ ಸಿಕ್ಕರೆ ಸಾಕು, ಎಡಗಡೆಯಿಂದ ಸ್ಕೂಟರ್ ನುಗ್ಗುತ್ತದೆ. ಮಗು ಇಳಿಯುವುದೂ ಅದೇ ಎಡಬಾಗಿಲಿನಿಂದ. ನಮ್ಮ ಸೊಸೈಟಿಯ, ಅಂದರೆ ವಸತಿ ಸಮುಚ್ಚಯದ, ಗೇಟಿಗೆ ಬರುವ ಬಸ್ಸಿನ ಮಾವಶಿಯ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಬಸ್ ಪೂರ್ತಿ ನಿಂತ ಮೇಲೆ ಮೊದಲು ಅವರೇ ಇಳಿಯುತ್ತಾರೆ. ಹಿಂದಿನಿಂದ ಬರುವವರ ಕಡೆ ಮುಖ ಮಾಡಿ, ಒಂದು ಕೈ ಅಡ್ಡ ಚಾಚಿ ‘ಥಾಂಬಾ’ (ನಿಲ್ಲಿ) ಎಂದು ಗದರುತ್ತಾರೆ. ಇನ್ನೊಂದು ಕೈ ಮಗುವಿನ ರಟ್ಟೆಯನ್ನು ಹಿಡಿದಿರುತ್ತದೆ. ಬ್ಯಾಗಿನ ಪಟ್ಟಿಯೋ ನೀರಿನ ಬಾಟಲಿಯ ದಾರವೋ ಬಾಗಿಲಿಗೆ ಸಿಕ್ಕಿಕೊಂಡಿಲ್ಲವೆಂದು ನೋಡಿ, ಮಗುವನ್ನು ಮನೆಯವರ ಕೈಗೇ ಒಪ್ಪಿಸುತ್ತಾರೆ. ಆಮೇಲೆ ಹಿಂದಿನ ಗಾಲಿಯ ಬಳಿ ಬಗ್ಗಿ ನೋಡಿ, ಒಳಗೆ ಹತ್ತಿ, ಬಸ್ಸಿನ ತಗಡನ್ನು ಎರಡು ಬಾರಿ ಬಡಿಯುತ್ತಾರೆ. ಆ ಸದ್ದು ಕೇಳುವವರೆಗೆ ಕಾಕಾ ಗೇರ್ ಹಾಕುವುದಿಲ್ಲ. ಎತ್ತರದ ಬಸ್ಸಿನ ಮೂತಿಗೆ ತಾಗಿ ಆರು ವರ್ಷದ ಮಗು ನಿಂತರೆ ಚಾಲಕನಿಗೆ ಅದು ಕಾಣುವುದೇ ಕಷ್ಟ. ಕೆಳಗೆ ಇಳಿದು ನೋಡುವ ಒಂದು ಜೊತೆ ಕಣ್ಣು ಬೇಕೇ ಬೇಕು.

ಮಾವಶಿಯನ್ನು ಇಟ್ಟುಕೊಳ್ಳುವುದು ಶಾಲೆ ನಮಗೆ ಮಾಡುವ ಉಪಕಾರವೇನಲ್ಲ. 1997ರ ನವೆಂಬರಿನಲ್ಲಿ ದಿಲ್ಲಿಯ ವಜೀರಾಬಾದಿನಲ್ಲಿ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು 28 ಮಕ್ಕಳು ತೀರಿಕೊಂಡರು. ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಶಾಲಾ ಬಸ್ಸುಗಳಿಗೆ ಕಟ್ಟುನಿಟ್ಟಿನ ಆದೇಶ ಕೊಟ್ಟಿತು: ಬಸ್ಸಿನಲ್ಲಿ ಸಹಾಯಕರು ಇರಬೇಕು, ಚಾಲಕನಿಗೆ ಭಾರೀ ವಾಹನ ಓಡಿಸಿದ ಐದು ವರ್ಷಗಳ ಅನುಭವ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ದಾಟಬಾರದು. ಮಹಾರಾಷ್ಟ್ರ 2011ರಲ್ಲಿ ಶಾಲಾ ಬಸ್ಸುಗಳಿಗೆಂದೇ ಪ್ರತ್ಯೇಕ ನಿಯಮಾವಳಿ ತಂದಿತು. ಅದರ ಪ್ರಕಾರ ಪ್ರತಿ ಶಾಲೆಯಲ್ಲಿ ಮುಖ್ಯಾಧ್ಯಾಪಕರ ಅಧ್ಯಕ್ಷತೆಯಲ್ಲಿ ಒಂದು ಸಾರಿಗೆ ಸಮಿತಿ ಇರಬೇಕು, ಅದರಲ್ಲಿ ಪಾಲಕರ ಪ್ರತಿನಿಧಿಯೂ ಇರಬೇಕು. ಬಸ್ ನಿಲ್ಲುವ ಜಾಗ, ಶುಲ್ಕ, ವಾಹನದ ಕಾಗದಪತ್ರ, ಇವೆಲ್ಲ ಆ ಸಮಿತಿಯ ಮುಂದೆ ಬರುವ ವಿಷಯಗಳು. ದಾಖಲಾತಿಗೆ ಹೋದ ದಿನವೇ ಪಾಲಕರ ಪ್ರತಿನಿಧಿ ಯಾರೆಂದು ಕೇಳಿ. ಉತ್ತರ ತಡವರಿಸಿ ಬಂದರೆ ಆ ಸಮಿತಿ ಕಾಗದದ ಮೇಲಷ್ಟೇ ಇದೆ ಎಂದು ತಿಳಿದುಕೊಳ್ಳಿ. ಕಿಟಕಿಯ ಅಡ್ಡ ಸರಳು, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನಿಮ್ಮ ಕಣ್ಣಿಗೇ ಬೀಳುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ವ್ಯಾನಿನ ವಿಷಯ ಬೇರೆ. ಹಳೆ ಪುಣೆಯ ಪೇಟೆಗಳ ಕಿರಿದಾದ ಗಲ್ಲಿಗಳಿಗೆ ದೊಡ್ಡ ಬಸ್ ಬರುವುದಿಲ್ಲ, ಅಲ್ಲಿ ವ್ಯಾನ್ ಅಥವಾ ರಿಕ್ಷಾ ಬಿಟ್ಟರೆ ಗತಿಯಿಲ್ಲ. ಮಕ್ಕಳನ್ನು ಸ್ವಂತ ಮಕ್ಕಳಂತೆ ನೋಡಿಕೊಳ್ಳುವ ಕಾಕಾಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ಒಳ್ಳೆಯ ಮನಸ್ಸು ಕೆಟ್ಟ ಬ್ರೇಕನ್ನು ಸರಿಮಾಡುವುದಿಲ್ಲ. ನಂಬರ್ ಪ್ಲೇಟ್ ಬಿಳಿಯಾಗಿದ್ದರೆ ಅದು ಖಾಸಗಿ ಬಳಕೆಯ ಗಾಡಿ. ಬಾಡಿಗೆಗೆ ಮಕ್ಕಳನ್ನು ಒಯ್ಯುವಂತಿಲ್ಲ, ಏನಾದರೂ ಆದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಹಳದಿ ಪ್ಲೇಟ್ ಇದ್ದರೆ ಸರಕಾರದ ಎಂಪರಿವಾಹನ್ ಆ್ಯಪಿನಲ್ಲಿ ಸಂಖ್ಯೆ ಹಾಕಿ ಫಿಟ್‌ನೆಸ್ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮತ್ತು ವಿಮೆ ಯಾವಾಗಿನವರೆಗೆ ಇವೆ ಎಂದು ನೋಡಿ. ಎಂಟು ವರ್ಷ ದಾಟಿದ ಬಾಡಿಗೆ ವಾಹನ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಿಕೊಳ್ಳಬೇಕು. ಸಿಎನ್‌ಜಿ ವ್ಯಾನಾದರೆ ಸಿಲಿಂಡರಿನ ಒತ್ತಡ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಆಗಬೇಕು. ಪ್ರಮಾಣಪತ್ರ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸಿಲಿಂಡರಿನ ಮೇಲೆ ಹಲಗೆ ಹಾಕಿ ಮಕ್ಕಳನ್ನು ಕೂರಿಸುವ ವ್ಯಾನಿಗೆ ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ.

ನಾನು ಅಕ್ಕಲಕೋಟೆ ಕಡೆಯವನು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಹೀಗೆ ಬೆಳೆದವರು ನಾವು, ಆದ್ದರಿಂದ ನಮ್ಮ ಮಕ್ಕಳಿಗೆ ಭಾಷೆಯ ತೊಡಕು ಇರಲಿಲ್ಲ. ನಿಮ್ಮ ಮಗಳಿಗೆ ಇರುತ್ತದೆ, ಮತ್ತು ಬಸ್ಸಿನಲ್ಲಿ ಅದು ಸುರಕ್ಷತೆಯ ವಿಷಯ. ಮಾವಶಿ ‘ಹಾತ್ ಆತ್ ಘೇ’ ಎಂದಾಗ ಕೈ ಒಳಗೆ ಎಳೆದುಕೊಳ್ಳಬೇಕು, ‘ಮಾಗೇ ಸರಕ್’ ಎಂದಾಗ ಹಿಂದೆ ಸರಿಯಬೇಕು, ‘ಥಾಂಬ್’ ಎಂದೊಡನೆ ಇದ್ದಲ್ಲೇ ನಿಲ್ಲಬೇಕು. ಅರ್ಥವಾಗದೆ ಅಮ್ಮನ ಮುಖ ಹುಡುಕುತ್ತ ಮಗು ಒಂದು ಹೆಜ್ಜೆ ಮುಂದಿಟ್ಟರೂ ಸಾಕು, ಅಪಾಯ. ಪಾಠದ ಮರಾಠಿ ನಿಧಾನವಾಗಿ ಬರಲಿ. ಈ ಮೂರು ಮಾತುಗಳನ್ನು, ಸ್ಟಾಪಿನ ಹೆಸರನ್ನು, ನಿಮ್ಮ ಫೋನ್ ಸಂಖ್ಯೆಯನ್ನು ಹೊರಡುವ ಮೊದಲೇ ಬಾಯಿಪಾಠ ಮಾಡಿಸಿ. ಸೋಲಾಪುರ, ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಹೆಣ್ಣುಮಕ್ಕಳು ಪುಣೆಯಲ್ಲಿ ಬಹಳ. ಮಾವಶಿಯನ್ನು ಒಮ್ಮೆ ಕನ್ನಡದಲ್ಲಿ ಮಾತನಾಡಿಸಿ ನೋಡಿ, ಕನ್ನಡದಲ್ಲೇ ಉತ್ತರ ಬಂದರೂ ಬಂದೀತು.

ಕಾಕಾನ ಕಷ್ಟವನ್ನೂ ಹೇಳಲೇಬೇಕು. ಬೆಳಿಗ್ಗೆ ಶಾಲೆ, ನಡುವೆ ಹಿಂಜವಡಿಯ ಕಂಪನಿಯ ಬಾಡಿಗೆ, ಮಧ್ಯಾಹ್ನ ಮತ್ತೆ ಶಾಲೆ ಎಂದು ಸುತ್ತುವವರು ಎಷ್ಟೋ ಜನ. 2024ರ ಫೆಬ್ರುವರಿಯಲ್ಲಿ ಸರಕಾರ ನಾಲ್ಕನೇ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ ಒಂಬತ್ತಕ್ಕಿಂತ ಮೊದಲು ಶುರುವಾಗಬಾರದು ಎಂದಿತು. ಮಕ್ಕಳ ನಿದ್ದೆಗೆ ಅದು ಒಳ್ಳೆಯದೇ, ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆಫೀಸಿಗೆ ಹೊರಟವರ ದಟ್ಟಣೆಯಲ್ಲೇ ಬಸ್ಸು ಸಿಕ್ಕಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಹತ್ತು ಮನೆಯವರು ಎರಡೆರಡು ನಿಮಿಷ ತಡ ಮಾಡಿದರೆ ಇಪ್ಪತ್ತು ನಿಮಿಷ ಹೋಯಿತು, ಅದನ್ನು ಆತ ರಸ್ತೆಯ ಮೇಲೆ ಓಡಿಸಿಯೇ ಹೊಂದಿಸುತ್ತಾನೆ. ಐದು ನಿಮಿಷ ಮೊದಲೇ ಸ್ಟಾಪಿನಲ್ಲಿರಿ. ‘ಎಲ್ಲಿದ್ದೀರಿ’ ಎಂದು ಕಾಕಾನಿಗೆ ಫೋನ್ ಮಾಡಲೇಬೇಡಿ, ಮಾವಶಿಗೆ ಮಾಡಿ. ಸ್ಟೀರಿಂಗ್ ಹಿಡಿದವನ ಕೈಗೆ ಫೋನ್ ಕೊಡಿಸುತ್ತಿರುವವರು ಪಾಲಕರೇ ಎಂಬುದು ನನಗೆ ತೀರಾ ಸಂಕಟದ ಸಂಗತಿ.

ಇಲ್ಲಿ ಹೆಚ್ಚಿನ ಶಾಲೆಗಳು ಜೂನ್ ಮಧ್ಯದಲ್ಲಿ, ಮಳೆಯ ಜೊತೆಗೇ ಶುರುವಾಗುತ್ತವೆ. ಆ ಆಸುಪಾಸಿನಲ್ಲೇ ಆಳಂದಿಯ ಜ್ಞಾನೇಶ್ವರ, ದೇಹೂವಿನ ತುಕಾರಾಮ ಪಾಲಖಿಗಳು (ಸಂತರ ಪಾದುಕೆ ಹೊತ್ತ ಪಲ್ಲಕ್ಕಿ ಮೆರವಣಿಗೆಗಳು) ಪಂಢರಪುರಕ್ಕೆ ಹೊರಟು ಪುಣೆಯಲ್ಲಿ ತಂಗುತ್ತವೆ. ಅವು ಬರುವ ದಿನ, ಹಡಪಸರದ ಕಡೆ ಹೊರಡುವ ದಿನ ರಸ್ತೆಗಳು ಮುಚ್ಚಿರುತ್ತವೆ. ಶಾಲೆ ಇದೆಯೇ, ಬಸ್ ಯಾವ ದಾರಿಯಲ್ಲಿ ಬರುತ್ತದೆ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ.

ಇನ್ನು ಮನೆ. ನೀವು ವಾಕಡ್, ಬಾಣೇರ್ ಕಡೆ ನೋಡುತ್ತಿದ್ದೀರಿ ಎಂದಿರಿ. ಅಲ್ಲಿ ಬೆಂಗಳೂರು–ಮುಂಬೈ ಹೆದ್ದಾರಿ ಊರಿನ ನಡುವೆಯೇ ಹಾದುಹೋಗುತ್ತದೆ. ಬಾಡಿಗೆ ಎರಡು ಸಾವಿರ ಹೆಚ್ಚಾದರೂ ಸರಿ, ಬಸ್ ಗೇಟಿನವರೆಗೆ ಬರುವ ಸೊಸೈಟಿಯಲ್ಲೇ ಮನೆ ಹಿಡಿಯಿರಿ. ಮಗು ಸರ್ವಿಸ್ ರಸ್ತೆ ದಾಟಿ ಹೋಗಿ ಹತ್ತಬೇಕಾದ ಮನೆ ಎಷ್ಟು ಚೆಂದವಿದ್ದರೂ ಬೇಡ.